ಮನೆವಾರ್ತೆ: ಅಚ್ಚನ್ನು ತೆರೆಯುವ ಹದ

ಸಂಕ್ರಾಂತಿಗೆ ಸಕ್ಕರೆ ಅಚ್ಚನ್ನು ಹೊಯ್ದು ಅನುಭವವಿರುವ ಗೃಹಿಣಿಯರಿಗೆ ಒಂದು ಸಂಗತಿಯನ್ನು ನಾವು ಹೊಸದಾಗಿ ಹೇಳತಕ್ಕದ್ದಿಲ್ಲ. ಪಾಕವನ್ನು ಹೊಯ್ಯುವುದು ಅರ್ಧ ಕೆಲಸ. ಅಚ್ಚನ್ನು ಬಿಚ್ಚುವುದು ಉಳಿದರ್ಧ. ಆತುರಪಟ್ಟು ಬೇಗನೆ ಬಿಚ್ಚಿದರೆ ಆನೆಯ ಸೊಂಡಿಲು ಅಚ್ಚಿನಲ್ಲಿಯೇ ಉಳಿಯುತ್ತದೆ. ಮೈಮರೆತು ತಡಮಾಡಿದರೆ ಸಕ್ಕರೆಯು ಮರವನ್ನು ಕಚ್ಚಿಕೊಂಡು ಬಿಡಲೊಲ್ಲದು. ಹದವೆಂಬುದು ಈ ಎರಡರ ನಡುವಣ ಅಲ್ಪಕಾಲ. ಕರಗಿದ ಯಾವ ವಸ್ತುವನ್ನು ಅಚ್ಚಿಗೆ ಹೊಯ್ದರೂ ಈ ನಿಯಮವು ತಪ್ಪದು. ವಸ್ತುವು ಸಕ್ಕರೆಯ ಬದಲು ಸೀಸವಾದಾಗ ಮಾತ್ರ, ಹದ ತಪ್ಪಿದುದಕ್ಕೆ ತೆರಬೇಕಾದ ಬೆಲೆಯು ಹೆಚ್ಚುತ್ತದೆ. ಈ ತಿಂಗಳು ನಾವು ಬರೆಯಹೊರಟಿರುವುದು ಸೀಸದ ಗುಂಡುಗಳ ಎರಕವನ್ನು ಕುರಿತು. ಅದರಲ್ಲಿಯೂ ವಿಶೇಷವಾಗಿ ಅಚ್ಚನ್ನು ಹಿಡಿಯುವ, ತೆರೆಯುವ, ಮುಚ್ಚುವ ಕ್ರಮವನ್ನು ಕುರಿತು.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಗುಂಡಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಕೆಲಸವು ಹುಟ್ಟಿ ಬೆಳೆದದ್ದೇ ಮನೆಯ ಒಲೆಯ ಮುಂದೆ ಎಂಬುದು ನಮ್ಮ ಉತ್ತರ. ಅಮೇರಿಕಾದ ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧವಾದ ಒಂದು ದೃಷ್ಟಾಂತವಿದೆ. ನ್ಯೂಯಾರ್ಕ್ ನಗರದ ಬೌಲಿಂಗ್ ಗ್ರೀನ್ ಎಂಬಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ವಿಗ್ರಹವನ್ನು 1770ರಲ್ಲಿ ನಿಲ್ಲಿಸಿದ್ದರು. ಕುದುರೆಯನ್ನೇರಿದ ಆ ವಿಗ್ರಹದ ಮೈ ಸೀಸದ್ದು, ಮೇಲೆ ಚಿನ್ನದ ಲೇಪ. 1776ನೆಯ ಜುಲೈ 9ರಂದು ಸ್ವಾತಂತ್ರ್ಯಘೋಷಣೆಯನ್ನು ಸೈನಿಕರ ಮುಂದೆ ಓದಿದ ಮೇಲೆ ಜನರು ಹಗ್ಗಗಳನ್ನು ಬಿಗಿದು ದೊರೆಯನ್ನೂ ಕುದುರೆಯನ್ನೂ ನೆಲಕ್ಕುರುಳಿಸಿದರು. ಸೀಸದ ತುಂಡುಗಳಲ್ಲಿ ಬಹುಭಾಗವು ಕನೆಕ್ಟಿಕಟ್ ಪ್ರಾಂತದ ಲಿಚ್‌ಫೀಲ್ಡ್ ಎಂಬ ಊರಿಗೆ, ಆ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬನಾದ ಆಲಿವರ್ ವೋಲ್ಕಾಟನ ಮನೆಗೆ ಸಾಗಿತು. ಅಲ್ಲಿ ಆ ಮನೆಯ ಮಕ್ಕಳೂ ನೆರೆಹೊರೆಯ ಹೆಂಗಸರೂ ಕೂಡಿ ದೊರೆಯನ್ನು ಕರಗಿಸಿ ಗುಂಡುಗಳನ್ನಾಗಿ ಎರೆದರು.

ಯಾರು ಯಾರು ಎಷ್ಟೆಷ್ಟು ಮಾಡಿದರೆಂಬ ಲೆಕ್ಕವು ಇಂದಿಗೂ ಉಳಿದುಬಂದಿದೆ. ಗುಂಡನ್ನೂ ಮದ್ದನ್ನೂ ಕಾಗದದಲ್ಲಿ ಸುತ್ತಿದ ತೋಟಾಗಳ ಲೆಕ್ಕವದು. ನೆರೆಮನೆಯ ರೂತ್ ಮಾರ್ವಿನ್ 11,592. ವೋಲ್ಕಾಟನ ಮಗಳು ಮೇರಿ ಆನ್ 10,790. ಅವಳ ಅಕ್ಕ ಲಾರಾ 8,378. ಇನ್ನೂ ಹತ್ತು ವರ್ಷ ತುಂಬದ ತಮ್ಮ ಫ್ರೆಡರಿಕ್ 936. ಉಳಿದವರದೂ ಸೇರಿ ಒಟ್ಟು 42,088. ಈ ಅಂಕೆಗಳನ್ನು ಓದುವಾಗ ಸ್ವಾತಂತ್ರ್ಯದ ಉತ್ಸಾಹವನ್ನು ಮಾತ್ರ ಕಾಣದೆ, ಅಷ್ಟು ಸಲ ಅಚ್ಚನ್ನು ತೆರೆದು ಮುಚ್ಚಿದ ಕೈಗಳನ್ನೂ ಕಾಣಬೇಕು. ಮನೆಗೆಲಸದ ಶ್ರಮವನ್ನು ಲೆಕ್ಕವಿಟ್ಟು ಬರೆದವರು ಯಾವ ದೇಶದಲ್ಲಿಯೂ ವಿರಳ. ಆ ಹೆಣ್ಣುಮಕ್ಕಳ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಒಂದು ಲೆಕ್ಕದ ಚೀಟಿಯ ದೆಸೆಯಿಂದ.

ಇಂದಿಗೂ ಅಮೇರಿಕಾದಲ್ಲಿ ಅನೇಕ ಗೃಹಸ್ಥರು ಗುರಿಯೆಸೆತದ ವಿನೋದಕ್ಕಾಗಿಯೂ ಬೇಟೆಗಾಗಿಯೂ ತಮಗೆ ಬೇಕಾದ ಗುಂಡುಗಳನ್ನು ಮನೆಯ ಹಿತ್ತಿಲಲ್ಲಿ ತಾವೇ ಎರೆದುಕೊಳ್ಳುತ್ತಾರೆ. ನಮ್ಮ ದೇಶದ ಸ್ಥಿತಿ ಬೇರೆ. 1959ರ ಆಯುಧಗಳ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯನ್ನಿಟ್ಟುಕೊಳ್ಳುವ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯುಂಟು; ಕೈಲ್‌ಮುಹೂರ್ತದ ದಿನ ಅಲ್ಲಿಯ ಮನೆಗಳಲ್ಲಿ ಕೋವಿಗೆ ಹೂವೇರಿಸಿ ಪೂಜಿಸುವುದನ್ನು ವಾಚಕರು ಬಲ್ಲರು. ಆದರೆ ಇಟ್ಟುಕೊಳ್ಳುವ ವಿನಾಯಿತಿಯನ್ನು ತಯಾರಿಸುವ ಅಪ್ಪಣೆಯೆಂದು ಭಾವಿಸುವುದು ಸಲ್ಲದು. ಆದುದರಿಂದ ಮುಂದಿನ ಮಾತುಗಳನ್ನು ವಾಚಕರು ಒಂದು ಕುಶಲಕಲೆಯ ವಿವರವೆಂದು ಓದಿಕೊಳ್ಳಬೇಕು. ಕರಗಿದ ಲೋಹದ ಬಳಿ ಕೆಲಸವಿರುವ ಯಾರಿಗಾದರೂ ಇದರ ವಿವೇಕವು ಉಪಯೋಗಕ್ಕೆ ಬರುತ್ತದೆ.

ಮೊದಲು ಅಚ್ಚಿನ ಸ್ವರೂಪವನ್ನು ತಿಳಿಯೋಣ. ಹಿಂದಿನ ಕಾಲದ ಅಚ್ಚು ಕತ್ತರಿಯಂತೆ ಎರಡು ಹಿಡಿಗಳುಳ್ಳ ಸಾಧನ; ತುದಿಯಲ್ಲಿ ಅರ್ಧಗೋಳದ ಎರಡು ಗುಳಿಗಳು ಒಂದಕ್ಕೊಂದು ಎದುರಾಗಿ ಕೂಡುತ್ತಿದ್ದುವು. ಈಗಿನ ಅಚ್ಚಿನಲ್ಲಿ ಇಟ್ಟಿಗೆಯಾಕಾರದ ಎರಡು ಲೋಹದ ತುಂಡುಗಳಿದ್ದು, ಅವುಗಳನ್ನು ಮರದ ಹಿಡಿಯುಳ್ಳ ಇಕ್ಕಳದಂಥ ಕೈಗಳು ಹಿಡಿದಿರುತ್ತವೆ. ಎರಡು ತುಂಡುಗಳೂ ತಪ್ಪದೆ ಒಂದರೆದುರಿಗೊಂದು ಕೂಡುವಂತೆ ಒಂದರಲ್ಲಿ ಸಣ್ಣ ಮೊಳೆಗಳನ್ನೂ ಇನ್ನೊಂದರಲ್ಲಿ ಅವಕ್ಕೆ ತಕ್ಕ ತೂತುಗಳನ್ನೂ ಇಟ್ಟಿರುತ್ತಾರೆ. ಮೇಲೆ ಒಂದು ಉಕ್ಕಿನ ಪಟ್ಟಿ. ಅದರಲ್ಲಿ ಆಲಿಕೆಯಂಥ ರಂಧ್ರ. ಆ ರಂಧ್ರದ ಮೂಲಕ ಸೀಸವನ್ನು ಹೊಯ್ಯುತ್ತಾರೆ. ಹೊಯ್ದ ಮೇಲೆ ಪಟ್ಟಿಯನ್ನು ಪಕ್ಕಕ್ಕೆ ತಿರುಗಿಸಿದರೆ ಅದರ ಅಂಚು ಮೇಲುಳಿದ ಸೀಸವನ್ನು ಕತ್ತರಿಸಿ, ಗುಂಡಿನ ತಳವನ್ನು ಸಮಮಾಡುತ್ತದೆ. ಅಚ್ಚಿನ ಒಳಮುಖಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳಿರುತ್ತವೆ. ಅವು ಅಲಂಕಾರಕ್ಕಾಗಿ ಇಟ್ಟವಲ್ಲ. ಸೀಸವು ಒಳನುಗ್ಗುವಾಗ ಗಾಳಿಯು ಹೊರಟುಹೋಗುವ ದಾರಿಗಳು.

ಅಚ್ಚನ್ನು ಕಬ್ಬಿಣ, ಹಿತ್ತಾಳೆ, ಅಲ್ಯುಮಿನಿಯಂ ಈ ಮೂರರಿಂದಲೂ ಮಾಡುವುದುಂಟು. ಕಬ್ಬಿಣದ ಅಚ್ಚು ಭಾರ, ನಿಧಾನವಾಗಿ ಕಾಯ್ದು ಬಹುಕಾಲ ಕಾವನ್ನು ಹಿಡಿದಿಡುತ್ತದೆ, ತಲೆಮಾರುಗಳವರೆಗೆ ಬಾಳುತ್ತದೆ, ಆದರೆ ಅಲಕ್ಷ್ಯ ಮಾಡಿದರೆ ತುಕ್ಕು ಹಿಡಿದು ಕೆಡುತ್ತದೆ. ಹಿತ್ತಾಳೆಗೆ ತುಕ್ಕಿಲ್ಲ, ಆದರೆ ತೂಕವೂ ಬೆಲೆಯೂ ಹೆಚ್ಚು. ಅಲ್ಯುಮಿನಿಯಂ ಹಗುರ, ಬೇಗ ಕಾಯುತ್ತದೆ, ಬೇಗ ಆರುತ್ತದೆ, ಮೆತುವಾದ್ದರಿಂದ ಒರಟು ಕೈಯನ್ನು ಸಹಿಸದು. ಮೂರರಲ್ಲಿ ಯಾವುದಾದರೂ ಸರಿಯೆ, ಅಚ್ಚು ತನ್ನ ಯಜಮಾನನ ಕೈಯನ್ನು ನೆನಪಿಡುತ್ತದೆ. ಒಳಗೋಡೆಯ ಮೇಲೆ ಒಮ್ಮೆ ಬಿದ್ದ ಗೀರು ಅಲ್ಲಿಂದ ಮುಂದೆ ಎರೆದ ಪ್ರತಿಯೊಂದು ಗುಂಡಿನ ಮೇಲೂ ಮೂಡುತ್ತಲೇ ಇರುತ್ತದೆ.

ಇನ್ನು ಕ್ರಮಕ್ಕೆ ಬರೋಣ. ಸೀಸವು ಕರಗುವುದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಬೋಂಡ ಕರಿಯುವ ಎಣ್ಣೆಯ ಕಾವು ಸುಮಾರು 180 ಡಿಗ್ರಿ. ಅದರಿಂದ ಸಿಡಿದ ಒಂದು ಹನಿಯ ಉರಿಯನ್ನು ಬಲ್ಲವರು ಸೀಸದ ಉರಿಯನ್ನು ಊಹಿಸಿಕೊಳ್ಳಬಹುದು. ಹೊಸ ಅಚ್ಚನ್ನು ಮೊದಲು ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು, ಕಾರ್ಖಾನೆಯವರು ಹಚ್ಚಿದ ಎಣ್ಣೆಯ ಜಿಡ್ಡನ್ನು ಪೂರ್ತಿ ತೆಗೆಯಬೇಕು. ಆಮೇಲೆ ತೇವದ ಗುರುತೂ ಇಲ್ಲದಂತೆ ಒಣಗಿಸಬೇಕು. ಜಿಡ್ಡುಳಿದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ತೇವವುಳಿದರೆ ಅಪಾಯ. ಸಕ್ಕರೆಯ ಮರದಚ್ಚನ್ನು ನಾವು ನೀರಿನಲ್ಲಿ ನೆನೆಸಿಟ್ಟು ಉಪಯೋಗಿಸುತ್ತೇವಷ್ಟೆ. ಇಲ್ಲಿ ಅದಕ್ಕೆ ನೇರ ವಿರುದ್ಧವಾದ ನಿಯಮ. ಅಚ್ಚಿನ ಗುಳಿಗಳಿಗೆ ಮೇಣದ ಬತ್ತಿಯ ಅಥವಾ ಕಡ್ಡಿಯ ಹೊಗೆಯನ್ನು ತೋರಿಸಿ ತೆಳುವಾದ ಮಸಿಯನ್ನು ಕೂಡಿಸುವ ಪದ್ಧತಿಯುಂಟು. ಹಾಗೆ ಮಾಡಿದರೆ ಗುಂಡು ಸಲೀಸಾಗಿ ಬಿಡುತ್ತದೆಂದು ಅನೇಕರ ಅನುಭವ. ಮಸಿಯು ದಪ್ಪವಾಗಿ, ಗಾಳಿಯ ಗೀರುಗಳನ್ನು ಮುಚ್ಚುವಷ್ಟಾಗಬಾರದು.

ತಣ್ಣನೆಯ ಅಚ್ಚಿಗೆ ಸೀಸವನ್ನು ಹೊಯ್ದರೆ ಅದು ಗುಳಿಯನ್ನು ತುಂಬುವ ಮೊದಲೇ ಹೆಪ್ಪುಗಟ್ಟಿ, ಗುಂಡು ಒಣದ್ರಾಕ್ಷಿಯಂತೆ ಸುಕ್ಕಾಗುತ್ತದೆ. ಆದುದರಿಂದ ಅಚ್ಚನ್ನು ಮೊದಲೇ ಕಾಯಿಸಿಕೊಳ್ಳಬೇಕು. ಪಾತ್ರೆಯ ಅಂಚಿನ ಮೇಲಾಗಲಿ ವಿದ್ಯುತ್ತಿನ ಒಲೆಯ ಮೇಲಾಗಲಿ ಇಟ್ಟು ಕಾಯಿಸುವುದುಂಟು. ಉರಿಯ ನಾಲಗೆಗೆ ನೇರವಾಗಿ ಹಿಡಿದರೆ ಅಚ್ಚು ಸೊಟ್ಟಗಾಗಬಹುದು. ಎಷ್ಟು ಕಾಯಿಸಿದರೂ ಮೊದಲ ಹತ್ತು ಹನ್ನೆರಡು ಗುಂಡುಗಳು ಸಾಮಾನ್ಯವಾಗಿ ಚೆನ್ನಾಗಿರುವುದಿಲ್ಲ. ಅವುಗಳನ್ನು ಮರಳಿ ಪಾತ್ರೆಗೆ ಸೇರಿಸಬೇಕಾದುದೇ. ಮೊದಲ ದೋಸೆ ಹಂಚಿಗೆ ಎಂಬಂತೆ, ಇವು ಅಚ್ಚಿಗೆ ಸಲ್ಲುವ ಕಪ್ಪ. ಅಚ್ಚು ಮಿತಿಮೀರಿ ಕಾಯ್ದರೆ ಗುಂಡಿನ ಮೈಯ ಹೊಳಪು ಮಾಸಿ, ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಸುಕ್ಕು ಕಂಡರೆ ಕಾವು ಸಾಲದು, ಮಂಜು ಕಂಡರೆ ಕಾವು ಹೆಚ್ಚಾಯಿತು: ಗುಂಡು ತಾನಾಗಿ ಹೇಳುವ ಈ ಎರಡು ಮಾತುಗಳನ್ನು ಅರಿತವನಿಗೆ ಉಷ್ಣಮಾಪಕವು ಅರ್ಧ ಅನಾವಶ್ಯಕ.

ಹೊಯ್ಯುವಾಗ ರಂಧ್ರದ ಮೇಲೆ ಸೀಸವು ಸ್ವಲ್ಪ ಗುಪ್ಪೆಯಾಗಿ ನಿಲ್ಲುವಂತೆ ಹೊಯ್ಯಬೇಕು. ಲೋಹವು ತಣಿಯುವಾಗ ಕುಗ್ಗುತ್ತದೆ. ಒಳಗೆ ಕುಗ್ಗಿದಷ್ಟನ್ನು ಮೇಲಿನ ಈ ಗುಪ್ಪೆಯಿಂದ ಎಳೆದುಕೊಳ್ಳುತ್ತದೆ. ಗುಪ್ಪೆಯಿಲ್ಲದಿದ್ದರೆ ಗುಂಡಿನೊಳಗೆ ಕಾಣದ ಟೊಳ್ಳು ಉಳಿಯುತ್ತದೆ.

ಇಲ್ಲಿಂದ ಮುಂದೆ ಕಣ್ಣಿನ ಕೆಲಸ. ಹೊಯ್ದ ಕ್ಷಣದಲ್ಲಿ ಆ ಗುಪ್ಪೆಯು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕೆಲವು ಕ್ಷಣಗಳಾದ ಮೇಲೆ ಹೊಳಪು ಥಟ್ಟನೆ ಮಾಸುತ್ತದೆ. ಅದು ಮೇಲ್ಭಾಗ ಗಟ್ಟಿಯಾದುದರ ಗುರುತು. ಒಳಗೆ ಇನ್ನೂ ಮೆತು. ಆಮೇಲೆಯೂ ಮೂರು ನಾಲ್ಕು ಎಣಿಸುವಷ್ಟು ಹೊತ್ತು ತಾಳಬೇಕು. ತಾಳದೆ ಪಟ್ಟಿಯನ್ನು ತಿರುಗಿಸಿದರೆ ಅರೆಗಟ್ಟಿಯಾದ ಸೀಸವು ಬೆಣ್ಣೆಯಂತೆ ಅಚ್ಚಿನ ನೆತ್ತಿಗೆಲ್ಲ ಸವರಿಕೊಳ್ಳುತ್ತದೆ. ಗುಂಡಿನ ತಳವೂ ಹರಿದುಹೋಗುತ್ತದೆ. ತೀರ ತಡಮಾಡಿದರೆ ಸೀಸವು ಕಲ್ಲಾಗಿ, ಪಟ್ಟಿಯನ್ನು ಬಲವಾಗಿ ಹೊಡೆಯಬೇಕಾಗುತ್ತದೆ. ಹದವರಿತವನಿಗೆ ಚರ್ಮದ ಕೈಚೀಲ ತೊಟ್ಟ ಕೈಯಿಂದ ತಳ್ಳಿದರೂ ಪಟ್ಟಿಯು ತಿರುಗುತ್ತದೆ. ಹೊಡೆಯಲೇಬೇಕಾದರೆ ಮರದ ಕೊಡತಿಯಿಂದ ಹೊಡೆಯತಕ್ಕದ್ದು; ಕಬ್ಬಿಣದ ಸುತ್ತಿಗೆಯನ್ನು ಅಚ್ಚಿನ ಹತ್ತಿರಕ್ಕೆ ತರಕೂಡದು.

ಪಟ್ಟಿ ತಿರುಗಿದ ಮೇಲೆ ಅಚ್ಚನ್ನು ಮಡಿಸಿದ ಹತ್ತಿಬಟ್ಟೆಯ ಮೇಲೆ, ತೀರ ಎತ್ತರವಲ್ಲದೆ ಹಿಡಿದು, ಹಿಡಿಗಳನ್ನು ಮೆಲ್ಲನೆ ಅಗಲಿಸಬೇಕು. ಈಗತಾನೆ ಹುಟ್ಟಿದ ಗುಂಡು ಬಹಳ ಮೆತು. ಗಟ್ಟಿನೆಲದ ಮೇಲೋ ಇನ್ನೊಂದು ಗುಂಡಿನ ಮೇಲೋ ಬಿದ್ದರೆ ಜಜ್ಜಿಹೋಗುತ್ತದೆ. ಎಲ್ಲವೂ ಸರಿಯಾಗಿದ್ದರೆ ಅಚ್ಚು ಬಾಯಿ ತೆರೆದೊಡನೆ ಗುಂಡು ತಾನಾಗಿ ಉದುರುತ್ತದೆ. ಒಮ್ಮೊಮ್ಮೆ ಒಂದು ಬದಿಗೆ ಅಂಟಿಕೊಂಡು ನಿಲ್ಲುವುದುಂಟು. ಕೆಲಸಗಾರನ ಸ್ವಭಾವವನ್ನು ಪರೀಕ್ಷಿಸುವ ಘಳಿಗೆ ಇದು. ಆತುರಗಾರನು ಚೂರಿಯ ತುದಿಯಿಂದಲೋ ಮೊಳೆಯಿಂದಲೋ ಮೀಟಲು ಹೋಗುತ್ತಾನೆ. ಇಲ್ಲವೆ ಅಚ್ಚಿನ ತುಂಡನ್ನೇ ಕುಟ್ಟುತ್ತಾನೆ. ಎರಡರಿಂದಲೂ ಅಚ್ಚು ಕೆಡುತ್ತದೆ. ಎರಡು ಹಿಡಿಗಳೂ ಕೂಡುವ ಕೀಲಿನ ಮೊಳೆಯ ಮೇಲೆ ಕೊಡತಿಯಿಂದ ಹಗುರವಾಗಿ ತಟ್ಟುವುದೇ ಸರಿಯಾದ ಉಪಾಯ. ಆ ನಡುಕವು ಹಿಡಿಗಳ ಮೂಲಕ ಸಾಗಿ ಗುಂಡನ್ನು ಸಡಿಲಿಸುತ್ತದೆ. ಅಚ್ಚಿನ ಮೈಗೆ ನೋವಾಗುವುದಿಲ್ಲ. ಪದೇಪದೇ ಒಂದೇ ಗುಳಿಯಲ್ಲಿ ಗುಂಡು ಅಂಟುತ್ತಿದ್ದರೆ ದೋಷವು ಆ ಗುಳಿಯ ಅಂಚಿನಲ್ಲಿ, ಎದ್ದುನಿಂತ ಯಾವುದೋ ಸಣ್ಣ ಮುಳ್ಳಿನಲ್ಲಿರಬಹುದು. ಅಚ್ಚು ತಣಿದ ಮೇಲೆ ಬೆಳಕಿಗೆ ಹಿಡಿದು ಹುಡುಕಿ, ಅದನ್ನಷ್ಟೇ ತೆಗೆಯಬೇಕು.

ತೆರೆಯುವುದನ್ನು ಕುರಿತು ಇಷ್ಟು ಹೇಳಿದಮೇಲೆ ಮುಚ್ಚುವುದನ್ನೂ ಹೇಳಬೇಕು. ಅಚ್ಚುಗಳಿಗೆ ಹಾನಿಯಾಗುವುದು ಮುಚ್ಚುವಾಗ ಇನ್ನೂ ಹೆಚ್ಚು. ಪ್ರತಿಸಲವೂ ಮುಚ್ಚುವ ಮೊದಲು ಒಳಮುಖಗಳ ಮೇಲೊಮ್ಮೆ ಕಣ್ಣಾಡಿಸಬೇಕು. ಸಾಸಿವೆಯಷ್ಟು ಸೀಸ ಅಂಟಿಕೊಂಡಿದ್ದರೂ ಅಚ್ಚು ಪೂರ್ತಿಯಾಗಿ ಕೂಡದು. ಸಂದಿನಲ್ಲಿ ಸೀಸ ಹರಿದು ಗುಂಡಿಗೆ ರೆಕ್ಕೆ ಮೂಡುತ್ತದೆ. ಅದನ್ನು ಲೆಕ್ಕಿಸದೆ ಬಲವಾಗಿ ಅದುಮಿದರೆ ಮೆತುವಾದ ಅಚ್ಚಿನ ಮೈಯಲ್ಲಿ ತಗ್ಗು ಬೀಳುತ್ತದೆ. ಅಂಟಿದ ಸೀಸವನ್ನು ಅಚ್ಚು ಬಿಸಿಯಾಗಿರುವಾಗಲೇ ಒಣಗಿದ ಮರದ ಕಡ್ಡಿಯಿಂದ ಉಜ್ಜಿ ತೆಗೆಯಬೇಕು. ತಂತಿಯ ಕುಂಚ ಬೇಡ. ಅಚ್ಚನ್ನು ಸಮವಾದ ಹಲಗೆಯ ಮೇಲೆ ಊರಿ ಮುಚ್ಚಿದರೆ ಎರಡು ತುಂಡುಗಳೂ ಒಂದೇ ಮಟ್ಟದಲ್ಲಿ ನಿಂತು, ಮೊಳೆಗಳು ತಮ್ಮ ತೂತುಗಳನ್ನು ಸುಲಭವಾಗಿ ಸೇರುತ್ತವೆ. ಬಾಗಿಲನ್ನು ಧಡಾರನೆ ಹಾಕುವವರ ಕೈಗೆ ಅಚ್ಚನ್ನು ಕೊಡಬಾರದು.

ಒಂದೇ ಲಯದಲ್ಲಿ ಹೊಯ್ಯುವುದು, ತಾಳುವುದು, ತಿರುಗಿಸುವುದು, ತೆರೆಯುವುದು, ನೋಡುವುದು, ಮುಚ್ಚುವುದು ನಡೆದರೆ ಅಚ್ಚಿನ ಕಾವು ಸಮವಾಗಿ ನಿಂತು ಗುಂಡುಗಳೂ ಸಮವಾಗಿರುತ್ತವೆ. ನಡುನಡುವೆ ನಿಂತು ಒಂದೊಂದು ಗುಂಡನ್ನೂ ಮೆಚ್ಚಿಕೊಳ್ಳುತ್ತ ಕುಳಿತರೆ ಅಚ್ಚು ಆರುತ್ತದೆ. ಪರೀಕ್ಷೆಯನ್ನು ಕೊನೆಗಿಡಬೇಕು. ಕೆಲಸ ಮುಗಿದಾಗ ಬಿಸಿ ಅಚ್ಚನ್ನು ನೀರಿಗದ್ದಬಾರದು, ಅದು ಸೊಟ್ಟಗಾಗುತ್ತದೆ. ತಾನಾಗಿ ಆರಲು ಬಿಡಬೇಕು. ಕಬ್ಬಿಣದ ಅಚ್ಚಿಗೆ ತೆಳುವಾಗಿ ಎಣ್ಣೆ ಸವರಿ ಒಣಗಿದ ಜಾಗದಲ್ಲಿ ಇಡತಕ್ಕದ್ದು.

ಈಗ ನೀರಿನ ವಿಷಯ. ನೀರು ಆವಿಯಾದಾಗ ಸುಮಾರು 1,700 ಪಾಲು ಹಿಗ್ಗುತ್ತದೆ. ತೇವವಿದ್ದ ಸೀಸದ ತುಂಡಾಗಲಿ, ಒದ್ದೆಯಾದ ಸೌಟಾಗಲಿ ಕರಗಿದ ಸೀಸದೊಳಗೆ ಮುಳುಗಿದರೆ, ಆ ನೀರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆವಿಯಾಗಿ, ಪಾತ್ರೆಯಲ್ಲಿರುವ ಸೀಸವನ್ನೆಲ್ಲ ಮುಖದ ಮೇಲಕ್ಕೆ ಎರಚುತ್ತದೆ. ಹತ್ತಿರದಲ್ಲಿ ನೀರಿನ ಚೊಂಬನ್ನು ಸಹ ಇಡಕೂಡದೆಂಬ ನಿಯಮವು ಇದರಿಂದಲೇ ಹುಟ್ಟಿದ್ದು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಚೀಲ, ಕಾಲಿಗೆ ಮುಚ್ಚಿದ ಜೋಡು, ಮೈಗೆ ದಪ್ಪ ಹತ್ತಿಬಟ್ಟೆ ಇವು ಬೇಕೇಬೇಕು. ನೈಲಾನು ಮೊದಲಾದ ಕೃತಕ ನೂಲಿನ ಬಟ್ಟೆಯು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡದಾದ ಅಪಾಯವು ಕಣ್ಣಿಗೆ ಕಾಣದು. ಸೀಸವು ವಿಷ. ಎರಕದ ಕಾವಿನಲ್ಲಿ ಸೀಸದ ಆವಿ ಏಳುವುದು ಅಲ್ಪವೇ. ಮೇಲೆ ತೇಲುವ ಕಿಟ್ಟದ ಧೂಳೂ, ಕೈಗೆ ಬಟ್ಟೆಗೆ ಹತ್ತಿದ ಬೂದುಬಣ್ಣದ ಪುಡಿಯೂ ಊಟದೊಡನೆ, ಎಲೆಯಡಿಕೆಯೊಡನೆ, ಬೀಡಿಯೊಡನೆ ಹೊಟ್ಟೆಯನ್ನು ಸೇರುವುದೇ ಹೆಚ್ಚಿನ ಕೇಡು. ಹೊಟ್ಟೆ ಸೇರಿದ ಸೀಸವು ಮೂಳೆಗಳಲ್ಲಿ ಹತ್ತಾರು ವರ್ಷ ಅಡಗಿರುತ್ತದೆ. ಗರ್ಭಿಣಿಯ ಮೂಳೆಯಿಂದ ಹೊರಟು ಶಿಶುವಿನ ರಕ್ತವನ್ನು ಸೇರುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ಇಷ್ಟರವರೆಗೆ ಬಾಧೆಯಿಲ್ಲವೆಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಲಿಚ್‌ಫೀಲ್ಡಿನ ಮನೆಯವರಿಗೆ ಈ ಜ್ಞಾನವಿರಲಿಲ್ಲ, ನಮಗೆ ಉಂಟು. ಆದುದರಿಂದ ಫ್ರೆಡರಿಕನ 936 ತೋಟಾಗಳನ್ನು ಮೆಚ್ಚಿಕೊಳ್ಳುವಾಗಲೂ, ಅಂಥ ಮಗುವನ್ನು ಇಂದು ಸೀಸದ ಪಾತ್ರೆಯ ಸಮೀಪಕ್ಕೆ ಬಿಡಬಾರದೆಂಬುದನ್ನು ಖಂಡಿತವಾಗಿ ಹೇಳುತ್ತೇವೆ.

ಅಲ್ಲಿಯ ವಿವೇಕಿಗಳು ಅನುಸರಿಸುವ ನಿಯಮಗಳು ಇವು. ಎರಕವು ಬಯಲಿನಲ್ಲಿ, ಗಾಳಿಯಾಡುವೆಡೆಯಲ್ಲಿ ನಡೆಯಬೇಕು; ಅಡಿಗೆಮನೆಯಲ್ಲಿ ಎಂದಿಗೂ ಕೂಡದು. ಒಮ್ಮೆ ಸೀಸ ಕಂಡ ಪಾತ್ರೆಯೂ ಸೌಟೂ ಮತ್ತೆಂದಿಗೂ ಅಡಿಗೆಗೆ ಸಲ್ಲವು. ಕೆಲಸದ ನಡುವೆ ಏನನ್ನೂ ಬಾಯಿಗಿಡಬಾರದು. ಮುಗಿದೊಡನೆ ಕೈಯನ್ನೂ ಮುಖವನ್ನೂ ಸಾಬೂನಿನಿಂದ ತೊಳೆದು, ಬಟ್ಟೆಯನ್ನು ಬದಲಾಯಿಸಿ, ಕಳಚಿದ ಬಟ್ಟೆಯನ್ನು ಮಿಕ್ಕವರ ಬಟ್ಟೆಗಳಿಂದ ಬೇರೆಯಾಗಿ ಒಗೆಯಬೇಕು. ಬಿದ್ದ ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರಸಬೇಕು. ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಬೇಕೇ ಹೊರತು ಗಿಡದ ಬುಡಕ್ಕೋ ಚರಂಡಿಗೋ ಚೆಲ್ಲಬಾರದು. ರಕ್ತದಲ್ಲಿ ಸೀಸವೆಷ್ಟಿದೆಯೆಂದು ಆಗಾಗ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುವವರೂ ಉಂಟು. ಅದು ಮೆಚ್ಚತಕ್ಕ ಪದ್ಧತಿ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಶುದ್ಧ ಸೀಸವು ಬಹಳ ಮೆತುವಾದ್ದರಿಂದ ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರಸಿ ಗಟ್ಟಿಮಾಡುತ್ತಾರೆ. ಈ ಮೂರರ ಮಿಶ್ರಣವೇ ಮುದ್ರಣಾಲಯಗಳ ಅಚ್ಚುಮೊಳೆಗಳ ಲೋಹ. ಹಳೆಯ ಮುದ್ರಣಯಂತ್ರಗಳು ಮೂಲೆ ಸೇರಿದಾಗ ಅಲ್ಲಿಯ ಅಕ್ಷರಗಳನ್ನು ತೂಕಕ್ಕೆ ಕೊಂಡು ಗುಂಡುಗಳನ್ನಾಗಿ ಎರೆದವರು ಅಮೇರಿಕಾದಲ್ಲಿ ಅನೇಕರು. ಕನ್ನಡದ ಪುಸ್ತಕಗಳೂ ಪತ್ರಿಕೆಗಳೂ ಬಹುಕಾಲ ಇಂಥ ಸೀಸದ ಮೊಳೆಗಳಿಂದಲೇ ಅಚ್ಚಾದುವು. ಆ ಮೊಳೆಗಳೂ ಅಚ್ಚಿನಲ್ಲಿ ಹುಟ್ಟಿದವೇ. ಒಂದೇ ಲೋಹ, ಒಂದೇ ಬಗೆಯ ಹದ. ಅಚ್ಚು ಯಾವುದೋ ಲೋಹವು ಅದೇ ಆಗುತ್ತದೆ; ದೊರೆಯ ಮೂರ್ತಿಯೂ ಆದೀತು, ಗುಂಡೂ ಆದೀತು, ಅಕ್ಷರವೂ ಆದೀತು.

ಕೈಕೆಲಸಗಳೆಲ್ಲಕ್ಕೂ ಅನ್ವಯಿಸುವ ಒಂದು ಪಾಠ ಇದರಲ್ಲಿದೆಯೆಂದು ನಮಗೆ ತೋರುತ್ತದೆ. ಬಲದಿಂದ ತೆರೆಯಬೇಕಾಗಿ ಬಂದ ಅಚ್ಚು, ಹೊತ್ತು ತಪ್ಪಿದುದನ್ನು ಹೇಳುತ್ತದೆ. ಕೈ ಬಿರುಸಾಗುವ ಮುನ್ನ ಕಣ್ಣು ಎಚ್ಚರವಾಗಿದ್ದರೆ ಕೊಡತಿಯ ಅವಶ್ಯಕತೆ ಕಡಮೆ. ಮುಂದಿನ ತಿಂಗಳು ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುವುದನ್ನು ಕುರಿತೂ, ಕಲಾಯಿಯ ತವರದಲ್ಲಿ ಸೀಸ ಬೆರೆತರೆ ಆಗುವ ಕೇಡನ್ನು ಕುರಿತೂ ಬರೆಯುವೆವು.